ಉಲ್ಟಾ ಬಾಜು

ಮುಂಜಾನೆ ಎಂಟಕ್ಕೇ ಆಟೋ ಘಾಳೆಪ್ಪ ಓಡಿ ಬಂದ:
"ಲಾಲಬಿ ಅಕ್ಕಾ, ಸೂಜಿ ತಗೋ, ಏಳು,
ಕೋಟ್ಯಾಗ ನಾಕು ಲಕ್ಷ ಹರದದ."

ನಾಕು ಲಕ್ಷ ಅಂದ್ರ ಒಂದು ಗೌನು.
ಬದನಿ ಹೂವಿನ ಬಣ್ಣದ ರೇಷ್ಮಿ,
ಮುಂಬೈದಿಂದ ಪೆಟ್ಟಿಗ್ಯಾಗ ಮಲಕೊಂಡು ಬಂದು
ಗಗನ ಮಹಲಿನ ಬಾಗಲ ಮೊಳೆಗೆ ಸಿಕ್ಕು
ಎಡಕ್ಕ, ಸೊಂಟದ ಕೆಳಗ, ಮೂರು ಬಟ್ಟು ಬಾಯಿ ಬಿಟ್ಟಿತ್ತು.

ಡೇರೆ ಒಳಗ ಜನರೇಟರಿನ ಗುರುಗುರು, ಇಸ್ತ್ರಿಯ ಹಬೆ.
ತನಾಜ್ ಅಂತ ಒಬ್ಬಾಕಿ, ತುಟಿ ತುಂಬ ಗುಂಡುಪಿನ್ನು,
ಹಲ್ಲಿನ ಸಂದಿಯಿಂದ ಮಾತಾಡ್ತಿದ್ಲು:
ಸೋಮವಾರ ಗೌನು ಅಂಗಡಿಗೆ ವಾಪಸ್ ಹೋಗಬೇಕು,
ಪತ್ರಿಕೆಯವರದಲ್ಲ ಅದು, ಎರವಲು.
ಬೂಟಿನ ಅಟ್ಟಿಗೆ ಟೇಪು ಹಚ್ಚಿದ್ರು
ಕೋಟೆಯ ಕೆಂಪು ಮಣ್ಣಿನ ಗುರುತು ಉಳೀಬಾರದಂತ.
ಕೊರಳೊಳಗ ಬೆಲೆಚೀಟಿ ಹಂಗೇ ಇತ್ತು.
ಹುಡುಗಿ ಅದರ ಮ್ಯಾಲೆ ಬೆವರಂಗಿಲ್ಲ.

ನಗು ಬಂತು ನನಗ.
ನನ್ನ ನಿಕಾಹದಾಗೂ ಕೊರಳಾಗಿನ ಸರ
ಮೈಲೂರಿನ ಖಾಲಾಂದಿತ್ತು,
ಫೋಟೋ ಆದ ಮೂರನೇ ದಿನಕ್ಕ ಬಿಚ್ಚಿ ಕೊಟ್ಟೆ.

ಮುಂದಿನಿಂದ ನೋಡಿದ್ರ ಹುಡುಗಿ ಗೊಂಬಿ.
ಹಿಂದ ಬಂದು ನೋಡ್ರಿ:
ಬೆನ್ನುದ್ದಕ್ಕ ಹನ್ನೊಂದು ಕಬ್ಬಿಣದ ಕ್ಲಿಪ್ಪು,
ಸಡಲ ಅರಬಿ ಜಗ್ಗಿ, ಉಡದ ಹಂಗ ಕಚ್ಚಿ ಹಿಡದಾವ.
ಕ್ಯಾಮೆರಾದ ಲೆಕ್ಕದಾಗ
ಮನಷ್ಯಾಗ ಬೆನ್ನೇ ಇಲ್ಲ.

ಮೊಣಕಾಲೂರಿ ಆಕಿ ಬಾಜೂಕ ಕುಂತೆ.
ಬಿಚ್ಚಾಕ ವ್ಯಾಳೆ ಇಲ್ಲ, ಮೈಮ್ಯಾಲೇ ರಫೂ.
ಒಳಗಿನ ಅಂಚಿನಿಂದ ಎಳಿ ಕಿತ್ತು
ಹಾಸು ನೋಡಿ ಹಾಸು, ಹೊಕ್ಕು ನೋಡಿ ಹೊಕ್ಕು,
ಮ್ಯಾಲೊಂದು ಕೆಳಗೊಂದು.
ಉಸುರು ಹಿಡಿ ಬೇಟಿ ಅಂದೆ. ಹಿಡದ್ಲು.
ಏರ್‌ಫೋರ್ಸಿನ ನಾಕು ವಿಮಾನ ತಲಿ ಸೀಳಿಕೊಂಡು ಹೋದ್ವು,
ಮಹಲಿನ ಪಾರಿವಾಳೆಲ್ಲ ಎದ್ವು,
ಆಕಿ ಮಿಸುಕಲಿಲ್ಲ.

ಆಗ ಕಂಡದ್ದು.
ಎಡ ಭುಜದ ತಿರುವಿನಾಗ, ಪೌಡರಿನ ಕೆಳಗ,
ನನ್ನ ಬೆರಳುದ್ದದ ಗಾಯ, ಹಳೇದು,
ಯಾವುದೋ ದವಾಖಾನಿಯ ಏಳು ಹೊಲಿಗಿ,
ಗೋಣಿಚೀಲಕ್ಕ ಹಾಕ್ತಾರಲ್ಲ, ಹಂಥವು.

ಸೂಜಿ ಕೈಗಿಡುವಾಗ ಮಾವ ಒಂದೇ ಮಾತು ಹೇಳಿದ್ರು:
ಹೆಂಗ ಹರೀತು ಅಂತ ಗಿರಾಕಿಗೆ ಕೇಳಬ್ಯಾಡ.
ಕೇಳಲಿಲ್ಲ.
ಆಕೀನೇ, ನೆಟ್ಟಗ ಮುಂದ ನೋಡ್ಕೋತ, ಕೇಳಿದ್ಲು:
"ಹಿಂದಿನಿಂದ ನಾ ಹೆಂಗ ಕಾಣ್ತೀನಿ ಚಾಚಿ?"
ಹಗ್ಗದ ಮ್ಯಾಲೆ ಒಣಹಾಕಿದ ಅರಬಿ ಹಂಗ, ಅಂದೆ.
ಭರ್ ಅಂತ ನಕ್ಕಳು, ಎರಡು ಕ್ಲಿಪ್ಪು ಹಾರಿದ್ವು,
ತನಾಜ್ ಪಿನ್ನು ಉಗುಳಿ ಒದರಿದ್ಲು.

ನೂರೈವತ್ತು ಕೇಳಿದೆ, ಐನೂರು ಕೊಟ್ರು.
ಚಿಲ್ಲರ ಕೊಡಾಕ ಹೋದ್ರ ಯಾರೂ ಕೈ ಚಾಚಲಿಲ್ಲ.

ನಾಕು ತಿಂಗಳಿಗೆ ಘಾಳೆಪ್ಪ ಪತ್ರಿಕೆ ತಂದ,
ಹೈದರಾಬಾದ್ ಸ್ಟೇಷನ್ನಿನಿಂದ, ಹೀರೇಕಾಯಿಯ ರೇಟಿಗಲ್ಲ,
ಕುರಿ ಮಾಂಸದ ರೇಟಿಗೆ.
ಎಂಬತ್ತೇಳನೇ ಪುಟ.
ಬುಡಕ್ಕ ಇರುವಿ ಸಾಲಿನಂಥ ಹೆಸರು:
ಕೂದಲಿಗೆ ಒಬ್ರು, ಉಗುರಿಗೆ ಒಬ್ರು, ಬೂಟಿಗೊಂದು ಕಂಪನಿ.
ಬೆರಳಿಟ್ಟು ಎರಡು ಸಲ ಓದಿದ, ನನ್ನದು ಹುಡುಕ್ಕೋತ.
ಬಿಡೋ, ಅಂದೆ.
ಹೆಸರಿದ್ದದ್ದು ರಫೂ ಅಲ್ಲ, ತ್ಯಾಪಿ.

ಚಸ್ಮಾ ಒರಿಸಿ ನಾನೂ ನೋಡಿದೆ.
ನನ್ನ ರಫೂ ನನಗೇ ಸಿಗಲಿಲ್ಲ. ಭಾಳ ಖುಷಿ ಆಯ್ತು.
ಆಮ್ಯಾಲೆ ಭುಜ.
ಗಾಯ ಇಲ್ಲ,
ಬೆಣ್ಣಿ ಸವರಿದಂಥ ತೊಗಲು.
ಅಲ್ಲಿ ಯಾರೋ ನನ್ನಂಥವರು
ಕಂಪ್ಯೂಟರಿನ ಮುಂದ ಕಣ್ಣು ಕೆಂಪ ಮಾಡ್ಕೊಂಡು
ಪಕ್ಕದ ತೊಗಲಿಂದ ಎಳಿ ಎಳಿ ಕಿತ್ತು ತುಂಬ್ಯಾರ.
ಬೆರಳಿನಿಂದ ಸವರಿ ನೋಡಿದೆ. ಕೆಲಸ ಚೊಲೋ ಅದ,
ಒಂದು ಕಡೆ ಹೊಕ್ಕು ತಪ್ಯದ:
ಬೆಳಕು ಒಂದು ದಿಕ್ಕಿಗೆ, ತೊಗಲು ಇನ್ನೊಂದು ದಿಕ್ಕಿಗೆ.
ಮಾವ ಇದ್ದಿದ್ರ ಬಿಚ್ಚಿಸ್ತಿದ್ರು.

ಪಾರಿವಾಳನೂ ತಗದಾರ ಗೋಡಿಯಿಂದ.
ಗೋಡಿಯ ಬಿರುಕು, ಹಸರು ಪಾಚಿ, ಯಾರೋ ಕೆತ್ತಿದ ಹೆಸರು, ಎಲ್ಲ.
ಬಾಗಲದ ಮೊಳೆ ಮಾತ್ರ ಅಲ್ಲೇ ಅದ,
ತುದಿಗೆ ಒಂದು ಎಳಿ,
ಬದನಿ ಹೂವಿನ ಬಣ್ಣದ್ದು.